11 ವರ್ಷ ಮಡಿಸಿಟ್ಟಿದ್ದ ಕೌದಿ: ಹಳೆಯ ಹೊಲಿಗೆಯನ್ನು ಬಿಚ್ಚಬೇಕೇ?

ಅರ್ಧಕೌದಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಗಳು ಹುಟ್ಟುವ ಮೊದಲು, 2013ರಲ್ಲಿ, ಹಳೆಯ ಹತ್ತಿ ಅಂಗಿ ಮತ್ತು ಫ್ರಾಕುಗಳನ್ನು ಕತ್ತರಿಸಿ ಒಂದು ಕೌದಿಯನ್ನು ಆರಂಭಿಸಿದ್ದೆ. ಐದಂಗುಲದ 192 ಚೌಕಗಳನ್ನು ಜೋಡಿಸಿ, 60 ಅಂಗುಲ ಅಗಲ ಮತ್ತು 80 ಅಂಗುಲ ಉದ್ದದ ಮೇಲ್ಪದರವನ್ನು ಮುಗಿಸಿ, ನಡುವೆ ಹತ್ತಿಯ ಹಾಸನ್ನೂ ಕೆಳಗೆ ಅಸ್ತರನ್ನೂ ಇಟ್ಟು ಕೈಯಿಂದ ಹೊಲಿಯುತ್ತಾ ಮಧ್ಯದ ಮೂರನೆಯ ಒಂದು ಭಾಗದವರೆಗೆ ಬಂದಿದ್ದೆ. ಆಮೇಲೆ ಮಗು ಬಂತು, ಕೌದಿ ಕಪಾಟಿನ ಮೇಲಟ್ಟಕ್ಕೆ ಹೋಯಿತು. ಮೊನ್ನೆ ಅದನ್ನು ಕೆಳಗಿಳಿಸಿ ಬಿಡಿಸಿದಾಗ ಮೂರು ತೊಡಕುಗಳು ಕಂಡವು.

ಮೊದಲನೆಯದು ಹೊಲಿಗೆಯದೇ. ಆಗ ನಾನು ಅಂಗುಲಕ್ಕೆ ಒಂಬತ್ತು ಹೊಲಿಗೆ ಹಾಕುತ್ತಿದ್ದೆ. ಈಗ ಎಷ್ಟು ಜಾಗರೂಕತೆಯಿಂದ ಹೊಲಿದರೂ ಆರಕ್ಕಿಂತ ಹೆಚ್ಚು ಬೀಳುವುದಿಲ್ಲ. ಹಳೆಯದೂ ಹೊಸದೂ ಅಕ್ಕಪಕ್ಕ ಬಂದಲ್ಲಿ ಇಬ್ಬರು ಹೊಲಿದಂತೆ ಕಾಣುತ್ತದೆ. ಎರಡನೆಯದಾಗಿ, ಪದರಗಳು ಜರುಗದಿರಲೆಂದು ಚುಚ್ಚಿದ್ದ ಗುಂಡುಸೂಜಿಗಳಲ್ಲಿ ಆರು ಅಲ್ಲೇ ಉಳಿದು, ಸುತ್ತಲೂ ತುಕ್ಕಿನ ಕಲೆ ಕೂತಿದೆ. ಮೂರನೆಯದಾಗಿ, ನೀರಿಗೆ ಹೋಗುವ ನೀಲಿ ಪೆನ್ನಿನಿಂದ ಎಳೆದಿದ್ದ ಗೆರೆಗಳು ಇನ್ನೂ ಹಾಗೆಯೇ ಇವೆ. ಹಳೆಯದನ್ನೆಲ್ಲ ಬಿಚ್ಚಿ ಮೊದಲಿನಿಂದ ಹೊಲಿಯುವುದು ಸರಿಯೇ, ಅಥವಾ ಇದ್ದದ್ದನ್ನು ಇದ್ದಂತೆ ಬಿಟ್ಟು ಮುಂದುವರಿಯಲೇ?

ಸೂಜಿಮೊನೆ

ಬಿಚ್ಚುವ ಮಾತನ್ನು ಎತ್ತುವ ಮೊದಲು ದಾರವನ್ನು ಪರೀಕ್ಷಿಸಿ. ಎಲ್ಲಾದರೂ ಒಂದು ಮೂಲೆಯಲ್ಲಿ ಎರಡು ಹೊಲಿಗೆಗಳ ಕೆಳಗೆ ಸೂಜಿಯ ಮೊನೆಯನ್ನು ತೂರಿಸಿ ಮೆಲ್ಲನೆ ಮೇಲಕ್ಕೆತ್ತಿ ನೋಡಿ. ದಾರ ಬಿಗಿಯಾಗಿ ನಿಂತರೆ ಅದಕ್ಕೆ ಇನ್ನೂ ಆಯುಷ್ಯವಿದೆ ಎಂದರ್ಥ. ಪುಡಿಯಾದಂತೆ ತುಂಡಾದರೆ ಬೇರೆ ದಾರಿಯಿಲ್ಲ, ಬಿಚ್ಚಲೇಬೇಕು. ನಾಲ್ಕೈದು ಕಡೆ ಹೀಗೆ ನೋಡಿದರೆ ಸಾಕು.

ದಾರ ಗಟ್ಟಿಯಿದ್ದರೆ, ಕೇವಲ ಅಳತೆ ಹೊಂದುವುದಿಲ್ಲವೆಂಬ ಕಾರಣಕ್ಕೆ ಬಿಚ್ಚಬೇಡಿ. ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಸೂಜಿಯ ತೂತುಗಳು ಸುಲಭವಾಗಿ ಮುಚ್ಚಿಕೊಳ್ಳುವುದಿಲ್ಲ, ಬಹಳ ಉಟ್ಟು ಸವೆದ ಬಟ್ಟೆಯಾದರೆ ಬಿಚ್ಚುವಾಗಲೇ ಎಳೆ ಹರಿಯುತ್ತದೆ. ಅಂಗುಲಕ್ಕೆ ಇಷ್ಟೇ ಎಂಬ ಲೆಕ್ಕಕ್ಕಿಂತ ಹೊಲಿಗೆಗಳು ಒಂದಕ್ಕೊಂದು ಸಮನಾಗಿರುವುದು ಮುಖ್ಯ. ಸಮನಾದ ಆರು ಹೊಲಿಗೆ ಕಣ್ಣಿಗೆ ಹಿತವಾಗಿರುತ್ತದೆ, ಏರುಪೇರಾದ ಒಂಬತ್ತು ಚುಚ್ಚುತ್ತದೆ. ನನಗೆ ಕಾಣುವ ನಿಜವಾದ ತೊಂದರೆಯೆಂದರೆ, ಹಳೆಯದು ಮುಗಿದು ಹೊಸದು ಶುರುವಾಗುವ ಜಾಗ ಒಂದು ನೇರ ಗಡಿಯಂತೆ ಕಾಣುವುದು. ಹಾಗಾಗಿ ಹಳೆಯ ಭಾಗದ ಅಂಚಿಗೆ ಅಂಟಿಕೊಂಡೇ ಹೊಲಿಯುತ್ತಾ ಹೋಗದೆ, ಒಂದು ಸಾಲು ಎರಡು ಚೌಕ ಒಳಗಿನಿಂದ, ಮುಂದಿನದು ಒಂದು ಚೌಕ ಹೊರಗಿನಿಂದ, ಹೀಗೆ ಹೆಣೆದುಕೊಂಡಂತೆ ಆರಂಭಿಸಿ. ಗಡಿ ಕರಗಿಹೋಗುತ್ತದೆ.

ಇನ್ನು ಕೈಯ ವಿಚಾರ. ಅದೇ ಮೂರು ಪದರಗಳ ಒಂದು ತುಂಡನ್ನು ಮಾಡಿಕೊಂಡು ಎರಡು ಮೂರು ಸಂಜೆ ಅದರ ಮೇಲೆ ಹೊಲಿಯಿರಿ. ಯಾವ ಸೂಜಿ ಬಳಸುತ್ತಿದ್ದೀರಿ ಎಂಬುದನ್ನು ತಾವು ಬರೆದಿಲ್ಲ. ಉದ್ದ ಸೂಜಿಯಿಂದ ಸಣ್ಣ ಹೊಲಿಗೆ ಬರುವುದು ಕಷ್ಟ; ಈ ಕೆಲಸಕ್ಕೆಂದೇ ಇರುವ ಗಿಡ್ಡ ಸೂಜಿಯಲ್ಲಿ 9 ಅಥವಾ 10ನೆಯ ನಂಬರನ್ನು ತೆಗೆದುಕೊಳ್ಳಿ. ನಂಬರು ಹೆಚ್ಚಿದಷ್ಟೂ ಸೂಜಿ ಸಣ್ಣದಾಗುತ್ತದೆ ಎಂಬುದು ನೆನಪಿರಲಿ. ನಾನು ಮೊದಲ ಸಲ ತಿರುವುಮುರುವಾಗಿ ತಿಳಿದು ದಬ್ಬಳದಂಥದ್ದನ್ನು ತಂದಿದ್ದೆ.

ನೂಲೆಳೆ

ನೀಲಿ ಗೆರೆಗಳ ಮೇಲೆ ಇಸ್ತ್ರಿಯನ್ನು ತಾಗಿಸಲೇಬೇಡಿ. ಆ ಬಗೆಯ ಶಾಯಿಗೆ ಬಿಸಿ ತಗುಲಿದರೆ ಅದು ಬಟ್ಟೆಯಲ್ಲಿ ಕಾಯಮ್ಮಾಗಿ ಕೂತುಬಿಡಬಹುದು. ಮಡಿಕೆಯ ಗುರುತುಗಳನ್ನು ಹೋಗಲಾಡಿಸುವ ಆತುರದಲ್ಲಿ ಬಹಳ ಮಂದಿ ಎಡವುವುದು ಇಲ್ಲಿಯೇ. ಸಾಬೂನು ಹಾಕದೆ ಬರೀ ತಣ್ಣೀರಿನಿಂದ ಮೊದಲು ತೊಳೆಯಬೇಕು. ಆದರೆ ಈಗಲೇ ಅಲ್ಲ: ಹೊಲಿಗೆ ಬೀಳದ ಹತ್ತಿಯ ಹಾಸು ನೀರಿನಲ್ಲಿ ಜರುಗಿ ಗಂಟುಗಂಟಾಗುತ್ತದೆ, ಆದ್ದರಿಂದ ಇಡೀ ಕೌದಿಯನ್ನು ನೀರಿಗಿಳಿಸುವುದು ಹೊಲಿಗೆ ಪೂರ್ತಿಯಾದ ಮೇಲೆಯೇ.

ತುಕ್ಕಿಗೆ ಬ್ಲೀಚಿಂಗ್ ಹಾಕುವ ಯೋಚನೆಯಿದ್ದರೆ ಬಿಟ್ಟುಬಿಡಿ. ಕ್ಲೋರಿನ್ ತುಕ್ಕನ್ನು ತೆಗೆಯುವುದಿಲ್ಲ, ಕಲೆಯನ್ನು ಇನ್ನಷ್ಟು ಗಟ್ಟಿಮಾಡಿ ಬಟ್ಟೆಯನ್ನೂ ಕೊರೆಯುತ್ತದೆ. ನಿಂಬೆರಸಕ್ಕೆ ಉಪ್ಪು ಬೆರೆಸಿ ಕಲೆಯ ಮೇಲಷ್ಟೇ ಹಚ್ಚಿ, ಸ್ವಲ್ಪ ಹೊತ್ತು ಬಿಸಿಲಿಗೆ ಇಟ್ಟು, ಒದ್ದೆ ಬಟ್ಟೆಯಿಂದ ಮತ್ತೆ ಮತ್ತೆ ಒತ್ತಿ ತೆಗೆಯಿರಿ. ಹುಳಿ ಬಣ್ಣವನ್ನೂ ಎಳೆಯಬಲ್ಲುದು, ಆದ್ದರಿಂದ ಅದೇ ಬಟ್ಟೆಯ ಉಳಿದ ತುಂಡೊಂದಿದ್ದರೆ ಮೊದಲು ಅದರ ಮೇಲೆ ಪ್ರಯೋಗಿಸಿ. ಸೂಜಿ ಇದ್ದಲ್ಲಿ ಬಟ್ಟೆಯೇ ಜೀರ್ಣವಾಗಿದ್ದರೆ ಕಲೆಯ ಗೊಡವೆಗೆ ಹೋಗದೆ ಮೇಲೊಂದು ಚೌಕವನ್ನು ಅಂಚು ಮಡಚಿ ಹೊಲಿದುಬಿಡುವುದು ಲೇಸು.

ಕೆಂಪು ಮತ್ತು ಕಡುನೀಲಿ ಚೌಕಗಳ ಮೇಲೆ ಒದ್ದೆ ಬಿಳಿ ಬಟ್ಟೆಯನ್ನು ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ಈಗಲೇ ನೋಡಿಟ್ಟುಕೊಳ್ಳಿ.

ಓರೆಪಟ್ಟಿ

ಸೂಜಿಮೊನೆಯವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ದಾರ ಗಟ್ಟಿಯಿದ್ದರೂ ಬಿಚ್ಚಬೇಕಾದ ಸಂದರ್ಭವೊಂದಿದೆ. ಕೌದಿಯನ್ನು ಬೋರಲು ಹಾಕಿ ಅಸ್ತರಿನ ಕಡೆಯಿಂದ ನೋಡಿ; ಅಲ್ಲಿ ಬಟ್ಟೆ ಸುಕ್ಕಾಗಿ ಹೊಲಿಗೆಯಡಿ ಸಿಕ್ಕಿಕೊಂಡಿದ್ದರೆ, ಆ ಸುಕ್ಕು ತೊಳೆದರೂ ಹೋಗುವುದಿಲ್ಲ, ಮುಂದಿನ ಹೊಲಿಗೆಯನ್ನೂ ತನ್ನ ಕಡೆಗೆ ಎಳೆಯುತ್ತದೆ. ನಾನು ಮೇಲಿನಿಂದಷ್ಟೇ ನೋಡಿ ಮುಂದುವರಿದು, ಅಂಚಿಗೆ ಬರುವ ಹೊತ್ತಿಗೆ ಎರಡಂಗುಲ ಬಟ್ಟೆ ಒಂದೆಡೆ ಉಬ್ಬಿ ನಿಂತು, ಆರು ವಾರಗಳ ಕೆಲಸವನ್ನು ಬಿಚ್ಚಿದ್ದೇನೆ.

ಹಾಗೆಯೇ, ಹೊಲಿಗೆ ಬೀಳದ ಎರಡು ಭಾಗಗಳಲ್ಲಿ ಹಳೆಯ ಗುಂಡುಸೂಜಿಗಳನ್ನೆಲ್ಲ ತೆಗೆದು, ಪದರಗಳನ್ನು ನೆಲದ ಮೇಲೆ ಹರಡಿ, ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ, ನಾಲ್ಕಂಗುಲಕ್ಕೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಅಂಚುಪಟ್ಟಿಯ ಲೆಕ್ಕವನ್ನು ತಾವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಕೊನೆಗೆ ಎಲ್ಲರೂ ಅಲ್ಲಿಯೇ ಸಿಕ್ಕಿಬೀಳುತ್ತಾರೆ. ತಮ್ಮ ಕೌದಿಯ ಸುತ್ತಳತೆ 280 ಅಂಗುಲ. ಮೂಲೆಗಳಿಗೂ ಕೊನೆಯ ಜೋಡಣೆಗೂ 12 ಸೇರಿಸಿದರೆ 292. ಬಟ್ಟೆಯ ಬಳಕೆಗೆ ಸಿಗುವ ಅಗಲ 42 ಅಂಗುಲವೆಂದುಕೊಂಡರೆ ಏಳು ಪಟ್ಟಿಗಳು ಸಾಲುವಂತೆ ಕಾಣುತ್ತವೆ, ಆದರೆ ಓರೆಯಾಗಿ ಜೋಡಿಸುವಾಗ ಒಂದೊಂದು ಜೋಡಣೆಗೂ ಪಟ್ಟಿಯ ಅಗಲದಷ್ಟು ಉದ್ದ ಹೋಗುತ್ತದೆ. ಎರಡೂವರೆ ಅಂಗುಲ ಅಗಲದ ಎಂಟು ಪಟ್ಟಿಗಳನ್ನೇ ಕತ್ತರಿಸಿ.

ಅರ್ಧಕೌದಿ

ನಾಲ್ಕು ತಿಂಗಳು ಕಳೆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಕೌದಿ ಮುಗಿಯಿತು.

ದಾರ ಗಟ್ಟಿಯಾಗಿಯೇ ಇತ್ತು. ಆದರೆ ಓರೆಪಟ್ಟಿಯವರು ಹೇಳಿದಂತೆ ಬೋರಲು ಹಾಕಿ ನೋಡಿದಾಗ ಬಲಗಡೆಯ ಎರಡು ಸಾಲುಗಳ ಕೆಳಗೆ ಅಸ್ತರು ನೆರಿಗೆಯಾಗಿ ಸಿಕ್ಕಿಕೊಂಡಿತ್ತು. ಆ ಎರಡು ಸಾಲುಗಳನ್ನು ಮಾತ್ರ ಬಿಚ್ಚಿದೆ, ಉಳಿದದ್ದನ್ನು ಮುಟ್ಟಲಿಲ್ಲ. ಗಿಡ್ಡ ಸೂಜಿಯಿಂದ ಮೂರನೆಯ ವಾರಕ್ಕೆ ಅಂಗುಲಕ್ಕೆ ಏಳು ಬೀಳತೊಡಗಿ, ಅಲ್ಲಿಂದಾಚೆಗೆ ಹೆಚ್ಚಲಿಲ್ಲ. ಹಳೆಯದೂ ಹೊಸದೂ ಸೇರುವ ಜಾಗವನ್ನು ಈಗ ನಾನೇ ಬೆರಳಿನಿಂದ ತಡವಿ ಹುಡುಕಬೇಕು.

ಆರು ತುಕ್ಕಿನ ಕಲೆಗಳಲ್ಲಿ ನಾಲ್ಕು ನಿಂಬೆರಸಕ್ಕೆ ಹೋದವು. ಒಂದು ಕಡೆ ಬಟ್ಟೆ ಬೆರಳು ತಾಗಿದೊಡನೆ ತೂತಾಯಿತು, ಅಲ್ಲಿ ಹೊಸ ಚೌಕ ಬಂತು. ಇನ್ನೊಂದು ಕಲೆ ಸಾಸಿವೆ ಕಾಳಿನಷ್ಟು ಉಳಿದಿದೆ; ಅದನ್ನು ಹಾಗೆಯೇ ಬಿಟ್ಟಿದ್ದೇನೆ.

ಎಂಟು ಪಟ್ಟಿ ಎಂದು ಸ್ಪಷ್ಟವಾಗಿ ಬರೆದಿದ್ದರೂ ಬಟ್ಟೆ ಉಳಿಸುವ ಆಸೆಗೆ ಏಳನ್ನೇ ಕತ್ತರಿಸಿ, ಕೊನೆಯ ಬದಿಯಲ್ಲಿ ಸರಿಯಾಗಿ ಒಂದು ಗೇಣಿನಷ್ಟು ಸಾಲದೆ ಕುಳಿತೆ. ಅದೇ ಬಟ್ಟೆಯಲ್ಲಿ ಚೂರುಗಳಷ್ಟೇ ಉಳಿದಿದ್ದವು. ಕಡೆಗೆ, ಮೊಟ್ಟಮೊದಲ ಚೌಕವನ್ನು ಕತ್ತರಿಸಿದ್ದ ನೀಲಿಗೆರೆಯ ಅಂಗಿಯ ತೋಳು ಚೀಲದ ತಳದಲ್ಲಿ ಸಿಕ್ಕಿತು, ಆ ಗೇಣನ್ನು ಅದರಿಂದಲೇ ತುಂಬಿದೆ. ಆ ತುಂಡನ್ನು ಕಂಡ ಮಗಳು, ಬೇಕೆಂದೇ ಹಾಗೆ ಮಾಡಿದ್ದೀರಾ ಎಂದು ಕೇಳಿದಳು, ಹೌದೆಂದೆ.

ತಣ್ಣೀರಿನಲ್ಲಿ ಎರಡು ಸಲ ಅದ್ದಿದ ಮೇಲೆ ಗೆರೆಗಳು ಪೂರ್ತಿ ಹೋದವು, ಕೆಂಪು ಬಣ್ಣ ಬಿಡಲಿಲ್ಲ. ಒಣಗಿದ ಮೇಲೆ ಅಳೆದಾಗ 58 ಅಂಗುಲ ಅಗಲ ಮತ್ತು 77 ಅಂಗುಲ ಉದ್ದಕ್ಕೆ ಇಳಿದಿದೆ. ಹಾಸು ಕುಗ್ಗಿ ಮೈಮೇಲೆಲ್ಲ ಸಣ್ಣ ಸಣ್ಣ ಉಬ್ಬುಗಳೆದ್ದಿರುವುದರಿಂದ, ಆರೋ ಒಂಬತ್ತೋ, ಯಾವ ಹೊಲಿಗೆಯನ್ನೂ ಈಗ ಎಣಿಸಲು ಬರುವುದಿಲ್ಲ.