ಉಪನಗರ ರೈಲು ಮಾರ್ಗ ಮೇಲ್ದರ್ಜೆಗೇರಿದರೆ ಸೇವೆ ನಿಜಕ್ಕೂ ಸುಧಾರಿಸುತ್ತದೆಯೇ?

ಪ್ರಶ್ನೆ: ಮಾರ್ಗವನ್ನು ವಿದ್ಯುದೀಕರಿಸಿ, ಹೊಸ ಬೋಗಿಗಳನ್ನು ತಂದ ಮೇಲೂ ರೈಲುಗಳು ಮೊದಲಿನಷ್ಟೇ ತಡವಾಗಿ ಬರುವುದಾದರೆ, ಇಷ್ಟೊಂದು ಹಣ ಸುರಿದದ್ದರಿಂದ ಪ್ರಯಾಣಿಕರಿಗೆ ಆದ ಲಾಭವೇನು?

ಉತ್ತರ 1: ನಿಲ್ದಾಣಗಳು ಒತ್ತೊತ್ತಾಗಿರುವ ಮಾರ್ಗದಲ್ಲಿ ಗರಿಷ್ಠ ವೇಗಕ್ಕಿಂತ, ನಿಂತ ರೈಲು ಎಷ್ಟು ಬೇಗ ವೇಗ ಹಿಡಿಯುತ್ತದೆ ಎಂಬುದೇ ಮುಖ್ಯ, ಅದರಲ್ಲಿ ವಿದ್ಯುತ್ ರೈಲು ಡೀಸೆಲ್ ರೈಲನ್ನು ಸುಲಭವಾಗಿ ಹಿಂದಿಕ್ಕುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಉಪನಗರ ರೈಲು ಸೇವೆಯಾದ ಕ್ಯಾಲ್‌ಟ್ರೈನ್ 2024ರಲ್ಲಿ ಹೀಗೆ ಡೀಸೆಲ್‌ನಿಂದ ವಿದ್ಯುತ್ತಿಗೆ ಬದಲಾದಾಗ, ವಾರಾಂತ್ಯದಲ್ಲಿ ಗಂಟೆಗೊಂದರಂತಿದ್ದ ರೈಲು ಅರ್ಧ ಗಂಟೆಗೊಂದಾಯಿತು.

ಉತ್ತರ 2: ಒಪ್ಪುತ್ತೇನೆ, ಆದರೆ ವೇಳಾಪಟ್ಟಿಯನ್ನೇ ಪರಿಷ್ಕರಿಸದಿದ್ದರೆ ಅದೂ ವ್ಯರ್ಥ. ಸರಕು ರೈಲಿಗೆ ದಾರಿ ಬಿಡಲು ಜಂಕ್ಷನ್ನಿನ ಹೊರಗೆ ಕೆಂಪು ಸಿಗ್ನಲ್ಲಿಗೆ ನಿಂತ ಹೊಸ ರೈಲೂ ಹಳೆಯದರಷ್ಟೇ ತಡ.

ಉತ್ತರ 3: ಬಾಗಿಲುಗಳನ್ನೂ ಮರೆಯಬಾರದು. ಪ್ಲಾಟ್‌ಫಾರ್ಮಿನ ಮಟ್ಟಕ್ಕೇ ಇರುವ ಅಗಲವಾದ ಬಾಗಿಲಿನಿಂದಾಗಿ ಪ್ರತಿ ನಿಲುಗಡೆಯಲ್ಲೂ ಉಳಿಯುವ ಸೆಕೆಂಡುಗಳು, ಕೊನೆಯ ನಿಲ್ದಾಣದ ಹೊತ್ತಿಗೆ ನಿಮಿಷಗಳಾಗಿರುತ್ತವೆ.