ಮೇಲಿನ ಮನೆಯಿಂದ ನೀರು ಇಳಿಯುತ್ತಿದೆ, ಖರ್ಚು ಯಾರು ಕೊಡಬೇಕು?

ಕೇಳಿದವರು:
ಬೆಂಗಳೂರಿನಲ್ಲಿ ನಮ್ಮದು 12 ವರ್ಷ ಹಳೆಯ ಅಪಾರ್ಟ್‌ಮೆಂಟ್. ಮೂರು ತಿಂಗಳಿಂದ ಮೇಲಿನ ಮನೆಯ ಬಾತ್‌ರೂಮ್ ಕಡೆಯಿಂದ ನಮ್ಮ ಬೆಡ್‌ರೂಮ್ ಗೋಡೆಗೆ ನೀರು ಇಳಿಯುತ್ತಿದೆ. ಬೀರು ಹಿಂದೆಲ್ಲ ಬೂಷ್ಟು. ಆ ಮನೆಯ ಓನರ್ ಬೇರೆ ಊರಿನಲ್ಲಿದ್ದಾರೆ, ಇರುವವರು ಬಾಡಿಗೆಯವರು. ಅಸೋಸಿಯೇಷನ್‌ನವರು ‘ನೀವು ನೀವೇ ಮಾತಾಡಿಕೊಳ್ಳಿ’ ಅಂದುಬಿಟ್ಟರು. ಮನೆಗೆ ಇನ್ಶೂರೆನ್ಸ್ ಮಾಡಿಸಿದ್ದೇನೆ. ಅದರಿಂದ ದುಡ್ಡು ಬರುತ್ತದಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಕೆಳಗಿನ ಮನೆಯವರೊಬ್ಬರು:
ಇದೇ ಕಷ್ಟ ನಾವು ಒಂದು ವರ್ಷ ಪಟ್ಟಿದ್ದೇವೆ. ದುಡ್ಡಿನ ಮಾತು ಆಮೇಲೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಿ. ಅದು ಗೊತ್ತಾಗದೆ ಯಾರ ಹತ್ತಿರ ಏನು ಕೇಳಿದರೂ ಜಗಳವೇ.

ದಿನವಿಡೀ ಒಂದೇ ಸಮ ತೊಟ್ಟಿಕ್ಕುತ್ತಿದ್ದರೆ ನೀರು ಬರುವ ಪೈಪಿನ ಮೇಲೆ ಅನುಮಾನ ಪಡಿ. ಅವರು ಸ್ನಾನ ಮಾಡಿದ ಮೇಲೆ ಜಾಸ್ತಿಯಾದರೆ ಬಾತ್‌ರೂಮ್ ನೆಲ, ಇಲ್ಲವೇ ನೀರು ಹೋಗುವ ಪೈಪು. ಮಳೆ ಬಂದಾಗ ಮಾತ್ರ ಅಂದರೆ ಹೊರಗೋಡೆ.

ನಮ್ಮ ಮೇಲಿನ ಮನೆಯ ಆಂಟಿ ‘ನಮ್ಮ ನೆಲ ಒಣಗೇ ಇದೆ, ಬಂದು ನೋಡಿ’ ಅನ್ನುತ್ತಿದ್ದರು. ಸುಳ್ಳಲ್ಲ, ಒಣಗೇ ಇತ್ತು. ಎಷ್ಟೋ ಬಾತ್‌ರೂಮ್‌ಗಳಲ್ಲಿ ಸ್ಲ್ಯಾಬನ್ನು ತಗ್ಗಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಹಾಕಿರುತ್ತಾರೆ. ನೀರು ಆ ಹೊಟ್ಟೆಯೊಳಗೆ ನಿಂತು ನಿಧಾನಕ್ಕೆ ಇಳಿಯುತ್ತದೆ. ನಮ್ಮ ಪ್ಲಂಬರ್ ನೆಲದ ಜಾಲಿಗೆ ಬಟ್ಟೆ ತುರುಕಿ, ನೀರು ನಿಲ್ಲಿಸಿ, ಅದಕ್ಕೆ ಬಟ್ಟೆಗೆ ಹಾಕುವ ನೀಲಿ ಕದಡಿದ. ಮಾರನೇ ದಿನ ಬೆಳಿಗ್ಗೆ ನಮ್ಮ ಸೀಲಿಂಗಿನಲ್ಲಿ, ಲೈಟಿನ ವೈರ್ ಬರುವ ತೂತಿನ ಪಕ್ಕ, ಉದ್ದಿನಕಾಳಿನಷ್ಟು ನೀಲಿ ಚುಕ್ಕೆ. (ವೈರಿನ ಹತ್ತಿರ ತೇವ ಕಂಡರೆ ಆ ಸ್ವಿಚ್ ಮುಟ್ಟಬೇಡಿ, ಮೇನ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್ (ಎಂಸಿಬಿ) ಇಳಿಸಿ.) ಆಂಟಿ ಬಂದು ತುಂಬ ಹೊತ್ತು ತಲೆಯೆತ್ತಿ ನೋಡಿದರು. ‘ಕೆಲಸಕ್ಕೆ ಯಾವಾಗ ಬರ್ತಾನೆ ಕೇಳಪ್ಪ’ ಅಂದರು. ಅಲ್ಲಿಗೆ ವಾದ ಮುಗಿಯಿತು.

ಇನ್ನು ಇನ್ಶೂರೆನ್ಸ್. 2021ರ ಏಪ್ರಿಲ್ 1ರಿಂದ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಟ್ಯಾಂಕು, ಪೈಪು ಒಡೆದೋ ಉಕ್ಕಿಯೋ ಆದ ನಷ್ಟಕ್ಕೆ ದುಡ್ಡು ಸಿಗುತ್ತದೆ. ತಿಂಗಳುಗಟ್ಟಲೆ ಇಂಗಿ ಬಂದ ತೇವಕ್ಕೆ ಸಿಗುವುದು ಕಷ್ಟ. ನಷ್ಟ ಅಳೆಯಲು ಇನ್ಶೂರೆನ್ಸ್ ಕಂಪನಿ ಕಡೆಯಿಂದ ನಮ್ಮ ಮನೆಗೆ ಬಂದ ಸರ್ವೇಯರ್ ಸೀಲಿಂಗಿನ ಕಲೆ ನೋಡಿದರು. ಒಂದರ ಸುತ್ತ ಒಂದು ಬಳೆಯ ಹಾಗೆ ಕಂದು ಗೆರೆಗಳು. ‘ಇದು ಹಳೇದು’ ಅಂತ ಬರೆದುಕೊಂಡರು, ಕ್ಲೇಮ್ ಬಿದ್ದುಹೋಯಿತು. ನಿಮ್ಮಲ್ಲಿ ಪೈಪು ಒಡೆದದ್ದೇ ಅಂತ ಗೊತ್ತಾದರೆ ಅವತ್ತೇ ಕಂಪನಿಗೆ ತಿಳಿಸಿ. ಸರ್ವೇಯರ್ ಬರುವ ತನಕ ಹಾಳಾದ ಸಾಮಾನು ಎಸೆಯಬೇಡಿ.

ನಿಮ್ಮ ಅಸೋಸಿಯೇಷನ್ ಮಾತು ನನಗಂತೂ ಒಪ್ಪಿಗೆಯಿಲ್ಲ. ಟೆರೇಸು, ಹೊರಗೋಡೆ, ಪೈಪುಗಳು ಇಳಿಯುವ ಡಕ್ಟ್‌ನ ಮುಖ್ಯ ಪೈಪು ಎಲ್ಲರಿಗೂ ಸೇರಿದ್ದು. ಅಲ್ಲಿಂದ ಸೋರಿದರೆ ಮಾಡಿಸಬೇಕಾದವರು ಅವರೇ. ಬಾತ್‌ರೂಮ್ ನೆಲವಾದರೆ ಆ ಮನೆ ಓನರ್ ಹೊಣೆ. ಆಗಲೂ ಅಸೋಸಿಯೇಷನ್ ಕೈ ತೊಳೆದುಕೊಳ್ಳುವ ಹಾಗಿಲ್ಲ. ನಿಮ್ಮ ಕಟ್ಟಡ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಗೆ ಒಳಪಟ್ಟಿದ್ದರೆ, ಇನ್ನೊಂದು ಫ್ಲಾಟಿಗೆ ಹಾನಿ ತಪ್ಪಿಸುವ ತುರ್ತು ರಿಪೇರಿಗೆ ಮನೆಯೊಳಗೆ ಹೋಗುವ ಹಕ್ಕು ಅವರಿಗಿದೆ. ಓನರ್‌ಗೆ ಫೋಟೋ ಸಮೇತ ಇಮೇಲ್ ಹಾಕಿ, ಅಸೋಸಿಯೇಷನ್‌ಗೂ ಕಳಿಸಿ. ಬಾಯಿಮಾತು ಸಾಲದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸುತ್ತಾರೆ, ಕೋರ್ಟ್ ಫೀ ಇಲ್ಲ.

ಹೊಸ ಫ್ಲಾಟಿನವರಿಗೆ ಒಂದು ಮಾತು. ಸ್ವಾಧೀನ ಕೊಟ್ಟು 5 ವರ್ಷದೊಳಗೆ ಕೆಲಸದ ದೋಷ ಕಂಡರೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿಮಾಡಿಕೊಡಬೇಕು.

ಮೇಲಿನ ಮನೆಯವರೊಬ್ಬರು:
ನಾನು ಆ ಕಡೆಯವಳು. ಮೈಸೂರಿನಲ್ಲಿ ನಾವು ಮನೆ ಬೀಗ ಹಾಕಿ ಮದುವೆಗೆ ಹೋಗಿದ್ದಾಗ ವಾಶ್‌ಬೇಸಿನ್ ಕೆಳಗಿನ ಕನೆಕ್ಷನ್ ಪೈಪು ಒಡೆಯಿತು. ಕೆಳಗಿನ ಮನೆಯ ಫಾಲ್ಸ್ ಸೀಲಿಂಗ್ ಕುಸಿಯಿತು. ನನ್ನ ಪಾಲಿಸಿ ನನ್ನ ಮನೆ ನಷ್ಟಕ್ಕೆ ಮಾತ್ರ ಕೊಟ್ಟಿತು. ಕೆಳಗಿನವರದ್ದಕ್ಕೆ ಕೊಡಲಿಲ್ಲ, ಅದಕ್ಕೆ ಹೊಣೆಗಾರಿಕೆಯ ಕವರ್ ಬೇರೆ ತೆಗೆದುಕೊಂಡಿರಬೇಕಂತೆ. ನಾನು ಕೈಯಿಂದಲೇ ಕೊಟ್ಟೆ, ಕೊಡಬೇಕಾದದ್ದೇ. ಈಗ ಊರಿಗೆ ಹೊರಟರೆ ಮೊದಲು ಮೇನ್ ವಾಲ್ವ್ ಮುಚ್ಚುತ್ತೇನೆ.

ಕೇಳಿದವರು:
ಇಬ್ಬರಿಗೂ ಧನ್ಯವಾದ. ಓನರ್‌ಗೆ ಇಮೇಲ್ ಹಾಕಿದೆ. ಬಾಡಿಗೆಯವರು ಒಪ್ಪಿದ್ದಾರೆ, ಶನಿವಾರ ನೀರು ನಿಲ್ಲಿಸಿ ನೋಡುತ್ತೇವೆ.