ಮಲ್ಲಿಕಾ ಮಾವು: ಅರ್ಧ ಮರ ಹೂವು, ಅರ್ಧ ಮರ ಚಿಗುರು. ಹೂವು ಕಪ್ಪಾಗಿ ಉದುರುತ್ತಿದೆ, ಎಲೆಯೆಲ್ಲ ಅಂಟು

ಹಿತ್ತಲಮನೆ, ಮೈಸೂರು

ಮನೆ ಹಿತ್ತಲಿನ ಮಲ್ಲಿಕಾ ಕಸಿ ಮರ. ವಯಸ್ಸು 8 ವರ್ಷ, ಎತ್ತರ 14 ಅಡಿ, ಹರವು ಸುಮಾರು 4 ಮೀಟರ್, ಕೆಂಪು ಮಣ್ಣು. ಪಶ್ಚಿಮಕ್ಕೆ ಕಾಂಪೌಂಡ್ ಗೋಡೆ, ಪೂರ್ವಕ್ಕೆ ಹುಲ್ಲುಹಾಸು. ಹುಲ್ಲಿಗೆ ದಿನಾ ಬೆಳಿಗ್ಗೆ ಸ್ಪ್ರಿಂಕ್ಲರ್ ಓಡುತ್ತದೆ.

ಡಿಸೆಂಬರ್ ಕೊನೆಯಿಂದ ಗೋಡೆ ಕಡೆಯ ಕೊಂಬೆಗಳಲ್ಲಿ ತುಂಬಾ ಹೂ ಬಂದಿದೆ. ಹುಲ್ಲಿನ ಕಡೆ ಒಂದೂ ಹೂವಿಲ್ಲ, ಬರೀ ತಾಮ್ರ ಬಣ್ಣದ ಚಿಗುರು. ಬಂದ ಹೂವಾದರೂ ನಿಲ್ಲುತ್ತಿಲ್ಲ. ಗೊಂಚಲು ಕಂದಾಗಿ, ಆಮೇಲೆ ಕಪ್ಪಾಗಿ, ಮುಟ್ಟಿದರೆ ಪುಡಿಯಾಗಿ ಉದುರುತ್ತದೆ. ಎಲೆಗಳ ಮೇಲೆ ಎಣ್ಣೆ ಸವರಿದಂಥ ಹೊಳಪು, ಕೆಳಗೆ ನಿಲ್ಲಿಸಿದ ಕಾರಿನ ಗಾಜೂ ಅಂಟಂಟು. ಅಕ್ಟೋಬರಿನಲ್ಲಿ ಎರೆಗೊಬ್ಬರ 10 ಕೆಜಿ, ಯೂರಿಯಾ 200 ಗ್ರಾಂ ಕೊಟ್ಟಿದೆ. ನಾಲ್ಕು ದಿನದ ಹಿಂದೆ ಮಧ್ಯಾಹ್ನ ಬೇವಿನೆಣ್ಣೆ ಹೊಡೆದದ್ದಾಗಿದೆ, ವ್ಯತ್ಯಾಸ ಕಾಣಲಿಲ್ಲ. ಮುಂದೇನು ಮಾಡಬೇಕು?

ಕಸಿಕತ್ತಿ

ಔಷಧಿ ಬಾಟಲಿ ಮುಟ್ಟುವ ಮೊದಲು ಮೂರು ಪರೀಕ್ಷೆ ಮಾಡಿ. ಕೆಳಗೆ ನಿಂತು ನೋಡಿದವರಿಗೆ ಜಿಗಿಹುಳು, ಬೂದಿ ರೋಗ, ಚಿಬ್ಬು ರೋಗ ಮೂರೂ 'ಹೂ ಕಪ್ಪಾಯ್ತು' ಅಂತಲೇ ಕಾಣುತ್ತವೆ. ಮದ್ದು ಮಾತ್ರ ಮೂರಕ್ಕೂ ಬೇರೆ ಬೇರೆ.

ಬೆಳಿಗ್ಗೆ 7 ಗಂಟೆ ಹೊತ್ತಿಗೆ ಗೊಂಚಲಿನ ಕೆಳಗೆ ಬಿಳಿ ಬಟ್ಟೆ ಹಿಡಿದು ಕೊಂಬೆಯನ್ನು ಒಮ್ಮೆ ತಟ್ಟಿ. ತಲೆ ಅಗಲ, ಬಾಲ ಚೂಪು ಇರುವ ಬೂದು ಮಿಶ್ರಿತ ಕಂದು ಹುಳುಗಳು ಪಟಪಟನೆ ಅಡ್ಡಡ್ಡ ಹಾರಿದರೆ ಜಿಗಿಹುಳು. ನಂತರ ಹೂವಿನ ಕಾಂಡವನ್ನು ಬೆರಳಲ್ಲಿ ಒರೆಸಿ. ಬಿಳಿ ಪುಡಿ ಬೆರಳಿಗೆ ಹತ್ತಿದರೆ ಬೂದಿ ರೋಗ. ಪುಡಿ ಇಲ್ಲದೆ ಕಾಂಡದ ಮೇಲೆ ಚಿಕ್ಕ ಕಪ್ಪು ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಗೀರುಗಳಾಗಿದ್ದರೆ ಚಿಬ್ಬು.

ಗೊಂಚಲು ಯಾವ ಹಂತದಲ್ಲಿದೆ ಅನ್ನುವುದನ್ನೂ ಬರೆಯಿರಿ: ಮೊಗ್ಗೋ, ಅರಳಿದೆಯೋ, ಈಚು (ಪುಟ್ಟ ಎಳೆಗಾಯಿ) ಕಟ್ಟಿದೆಯೋ? ಉತ್ತರದ ಅರ್ಧ ಭಾಗ ಅದರ ಮೇಲೇ ನಿಂತಿದೆ.

ಹಿತ್ತಲಮನೆ, ಮೈಸೂರು

ಬಟ್ಟೆ ಪರೀಕ್ಷೆಯಲ್ಲಿ ಒಂದೇ ಗೊಂಚಲಿಂದ ಎಣಿಸಲಾಗದಷ್ಟು ಹುಳು ಹಾರಿದವು, ಉದ್ದ 4 ಮಿ.ಮೀ. ಇರಬಹುದು. ಮೇಲ್ಭಾಗದ ಆರೇಳು ಗೊಂಚಲಿನಲ್ಲಿ ಬಿಳಿ ಪುಡಿ ಇದೆ. ಚುಕ್ಕೆಗಳಿಲ್ಲ. ಮುಕ್ಕಾಲು ಪಾಲು ಗೊಂಚಲು ಪೂರ್ತಿ ಅರಳಿವೆ. ಮೊದಲು ಬಂದವುಗಳಲ್ಲಿ ಸಾಸಿವೆ ಗಾತ್ರದಿಂದ ಬಟಾಣಿ ಗಾತ್ರದ ಈಚು ಇವೆ.

ಕಸಿಕತ್ತಿ

ಹಾಗಾದರೆ ಮುಖ್ಯ ತೊಂದರೆ ಜಿಗಿಹುಳು, ಜೊತೆಗೆ ಬೂದಿ ಈಗಷ್ಟೇ ಶುರು.

ಜಿಗಿಹುಳು ಹೂವಿನ ಕಾಂಡದ ಒಳಗೂ ಎಳೆ ಎಲೆಯ ನರದೊಳಗೂ ಮೊಟ್ಟೆ ಚುಚ್ಚಿಡುತ್ತದೆ. ಮರಿಗಳು ಅಲ್ಲೇ ರಸ ಹೀರುತ್ತವೆ, ಗೊಂಚಲು ಒಣಗುತ್ತದೆ. ಕುಡಿದು ಹೆಚ್ಚಾದ ಸಕ್ಕರೆ ನೀರನ್ನು ಹೊರಗೆ ಬಿಡುತ್ತವಲ್ಲ, ನಿಮ್ಮ ಎಲೆ, ಕಾರಿನ ಗಾಜಿನ ಮೇಲಿರುವ ಅಂಟು ಅದೇ. ಇನ್ನು ಸ್ವಲ್ಪ ದಿನಕ್ಕೆ ಆ ಅಂಟಿನ ಮೇಲೆ ಮಸಿಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಅದು ಎಲೆಯ ಒಳಕ್ಕೆ ಇಳಿಯುವ ರೋಗವಲ್ಲ, ಬಿಸಿಲನ್ನು ಮರೆಮಾಡುತ್ತದೆ ಅಷ್ಟೆ. ಹುಳು ನಿಂತರೆ ಅದೂ ನಿಲ್ಲುತ್ತದೆ.

ಹುಲ್ಲಿನ ಕಡೆಯ ಚಿಗುರನ್ನು ಮರೆಯಬೇಡಿ. ಹೂವಿನಷ್ಟೇ ಎಳೆ ಚಿಗುರೂ ಈ ಹುಳುವಿಗೆ ಇಷ್ಟ. ಒಂದು ಕಡೆ ಹೂ, ಇನ್ನೊಂದು ಕಡೆ ಚಿಗುರು ಇದ್ದ ಮರದಲ್ಲಿ ಅವಕ್ಕೆ ಊಟ ತೀರುವುದೇ ಇಲ್ಲ.

ಈಗ ಮಾಡಬೇಕಾದ್ದು: ಅರಳಿದ ಹೂವಿನ ಮೇಲೆ ಯಾವ ಕೀಟನಾಶಕವನ್ನೂ ಹೊಡೆಯಬೇಡಿ. ಮಾವಿನ ಪರಾಗಸ್ಪರ್ಶದ ಹೆಚ್ಚಿನ ಕೆಲಸ ಮಾಡುವವು ನೊಣಗಳು, ಜೊತೆಗೆ ತುಡುವೆ ಮತ್ತು ಮಿಸ್ರಿ ಜೇನು. ಅವನ್ನು ಕೊಂದರೆ ಜಿಗಿಹುಳುವಿನಿಂದ ಉಳಿಸಿಕೊಂಡ ಹೂವೂ ಈಚು ಕಟ್ಟದೆ ಉದುರುತ್ತದೆ. ಪೂರ್ತಿ ಕಪ್ಪಾದ ಮತ್ತು ಬಿಳಿ ಪುಡಿ ಹತ್ತಿದ ಗೊಂಚಲುಗಳನ್ನು ಬುಡಸಮೇತ ಕತ್ತರಿಸಿ ಚೀಲಕ್ಕೆ ಹಾಕಿ ಹೊರಗೆ ಸಾಗಿಸಿ, ಮರದ ಕೆಳಗೆ ಬಿಡಬೇಡಿ. ಹುಲ್ಲಿನ ಕಡೆಯ ಚಿಗುರಿಗೆ ಮಾತ್ರ, ಸಂಜೆ 5ರ ಮೇಲೆ, ಅಜಾಡಿರಾಕ್ಟಿನ್ (ಬೇವಿನ ಸತ್ವ) 10,000 ಪಿಪಿಎಂ ಲೀಟರಿಗೆ 3 ಮಿ.ಲೀ. ಹೊಡೆಯಬಹುದು. ಎಲೆಯ ತಳಭಾಗ ನೆನೆಯಬೇಕು. ಅಂಗಡಿಯ ಸಾದಾ ಬೇವಿನೆಣ್ಣೆಯಾದರೆ ಲೀಟರಿಗೆ 5 ಮಿ.ಲೀ., ಮೊದಲು ಸೋಪಿನ ದ್ರಾವಣದಲ್ಲಿ ಹಾಲಿನ ಬಣ್ಣ ಬರುವವರೆಗೆ ಕದಡಿ ಆಮೇಲೆ ನೀರಿಗೆ ಸೇರಿಸಿ. ನೀವು ಮಧ್ಯಾಹ್ನ ಹೊಡೆದದ್ದು ಫಲ ಕೊಡಲಿಲ್ಲ, ಏಕೆಂದರೆ ಬೇವಿನ ಸತ್ವ ಬಿಸಿಲಿಗೆ ಬೇಗ ಕೆಡುತ್ತದೆ. ಅದೂ ಅಲ್ಲದೆ ಅದು ಮರಿಗಳ ಬೆಳವಣಿಗೆ ತಡೆಯುವ ಮದ್ದು, ಹಾರಾಡುವ ದೊಡ್ಡ ಹುಳುವನ್ನು ಕೂಡಲೇ ಕೊಲ್ಲುವುದಿಲ್ಲ.

ಹೂ ಉದುರಿ ಹೆಚ್ಚಿನ ಗೊಂಚಲುಗಳ ಈಚು ಬಟಾಣಿ ಗಾತ್ರಕ್ಕೆ ಬಂದ ಮೇಲೂ ಬಟ್ಟೆ ಪರೀಕ್ಷೆಯಲ್ಲಿ ಗೊಂಚಲಿಗೆ ಐದಾರಕ್ಕಿಂತ ಹೆಚ್ಚು ಹುಳು ಸಿಕ್ಕರೆ ಆಗ ಕೀಟನಾಶಕ ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್, ಲೀಟರಿಗೆ 0.3 ಮಿ.ಲೀ. ನಿಮ್ಮ ಮರಕ್ಕೆ 10 ಲೀಟರ್ ದ್ರಾವಣ ಸಾಕು, ಅಂದರೆ 3 ಮಿ.ಲೀ. ಮುಚ್ಚಳದಲ್ಲಿ ಅಂದಾಜು ಮಾಡಬೇಡಿ, ಸೂಜಿ ತೆಗೆದ ಸಿರಿಂಜ್‌ನಲ್ಲಿ ಅಳೆಯಿರಿ. ಬಾವಿ, ಸಂಪು ಮುಚ್ಚಿ. ಕೊಯ್ಲಿಗೆ 45 ದಿನ ಇರುವಾಗಲೇ ಇದೆಲ್ಲ ಮುಗಿದಿರಬೇಕು. ಮಲ್ಲಿಕಾ ತಡವಾಗಿ ಬಲಿಯುವ ಜಾತಿಯಾದ್ದರಿಂದ ಸಮಯ ಇದೆ.

ಬೂದಿಗೆ: ಅದೇ ಬಟಾಣಿ ಹಂತದಲ್ಲಿ ಹೆಕ್ಸಾಕೊನಾಜೋಲ್ 5 ಇಸಿ ಲೀಟರಿಗೆ 1 ಮಿ.ಲೀ. ನೀರಲ್ಲಿ ಕರಗುವ ಗಂಧಕ ಸೋವಿ ಮತ್ತು ಒಳ್ಳೆಯದೇ, ಆದರೆ ನೀವು ಈಗಾಗಲೇ ಎಣ್ಣೆ ಹೊಡೆದಿದ್ದೀರಿ. ಎಣ್ಣೆಗೂ ಗಂಧಕಕ್ಕೂ ನಡುವೆ ಎರಡು ವಾರವಾದರೂ ಇರದಿದ್ದರೆ ಎಲೆ, ಈಚು ಸುಡುತ್ತವೆ.

ಕೆಂಬಣ್ಣು

ಹೂ ಬಾರದ ಬದಿಗೆ 13:0:45 (ಪೊಟ್ಯಾಸಿಯಂ ನೈಟ್ರೇಟ್ ಗೊಬ್ಬರ) ಲೀಟರಿಗೆ 10 ಗ್ರಾಂ ಹೊಡೆಯಿರಿ, ಹದಿನೈದು ದಿನದಲ್ಲಿ ಹೂ ಬರುತ್ತೆ. ನಮ್ಮ ಕಡೆ ಎಲ್ಲರೂ ಮಾಡುತ್ತಾರೆ.

ಶ್ರೀನಿವಾಸಪುರ ತೋಪು

ಈ ಮರಕ್ಕೆ ಬೇಡ. ಪೊಟ್ಯಾಸಿಯಂ ನೈಟ್ರೇಟ್ ಹೂವನ್ನು ಹುಟ್ಟಿಸುವುದಿಲ್ಲ. ಬಲಿತ ರೆಂಬೆಯ ತುದಿಯಲ್ಲಿ ಮಲಗಿರುವ ಮೊಗ್ಗನ್ನು ಎಬ್ಬಿಸುತ್ತದೆ. ಎಬ್ಬಿಸಲು ಅಲ್ಲಿ ಬಲಿತ ಮೊಗ್ಗೇ ಇಲ್ಲ. ತಾಮ್ರ ಬಣ್ಣದ ಎಲೆಯ ಮೇಲೆ 1% ದ್ರಾವಣ ಬಿದ್ದರೆ ಅಂಚು ಸುಡುವುದಷ್ಟೇ ಲಾಭ.

ಅದನ್ನು ಬಳಸುವ ಕಾಲ ನವೆಂಬರ್. ಎಲೆ ಬಲಿತಿದೆಯೇ ಅಂತ ನೋಡಲು ಒಂದು ಎಲೆಯನ್ನು ಮುಷ್ಟಿಯಲ್ಲಿ ಹಿಸುಕಿ. ಹಪ್ಪಳದ ಹಾಗೆ ಚಟಚಟ ಮುರಿದರೆ ಬಲಿತಿದೆ, ಬಟ್ಟೆಯಂತೆ ಮಡಿಚಿಕೊಂಡರೆ ಇನ್ನೂ ಎಳೆಯದು. ಚಿಗುರು ಬಂದು ನಾಲ್ಕು ತಿಂಗಳಾದರೂ ಆಗಿರಬೇಕು.

ಹುಲ್ಲಿನ ಕಡೆ ಯಾಕೆ ಹೂ ಬರಲಿಲ್ಲ ಅನ್ನುವುದಕ್ಕೆ ಉತ್ತರ ಪ್ರಶ್ನೆಯಲ್ಲೇ ಇದೆ. ಮಾವಿಗೆ ಹೂ ಬರಬೇಕಾದರೆ ಅಕ್ಟೋಬರಿನಿಂದ ಎರಡು ಮೂರು ತಿಂಗಳು ಒಣ ಮಣ್ಣು, ತಂಪು ರಾತ್ರಿ ಎರಡೂ ಬೇಕು. ಗೋಡೆ ಬದಿಯ ಬೇರಿಗೆ ಎರಡೂ ಸಿಕ್ಕಿತು. ಹುಲ್ಲಿನ ಬದಿಯ ಬೇರಿಗೆ ದಿನಾ ನೀರು, ಮೇಲೆ ಅಕ್ಟೋಬರಿನ ಯೂರಿಯಾ. ಆ ಹೊತ್ತಿನಲ್ಲಿ ಸಾರಜನಕ ಕೊಟ್ಟರೆ ಮರ ಹೂವಿನ ಬದಲು ಎಲೆ ಬಿಡುತ್ತದೆ. ಇದನ್ನು 'ಒಂದು ವರ್ಷ ಬಿಟ್ಟು ಒಂದು ವರ್ಷ' ಫಸಲಿನ ತೊಂದರೆ ಅಂತ ತಿಳಿಯಬೇಡಿ. ಆ ಗುಣ ಬಾದಾಮಿಯಲ್ಲಿ ಜೋರು. ಮಲ್ಲಿಕಾ ನೀಲಂ ಮತ್ತು ದಶಹರಿ ಕೂಡಿಸಿ ದೆಹಲಿಯ ಪೂಸಾ ಸಂಸ್ಥೆಯಲ್ಲಿ ತೆಗೆದ ತಳಿ, ವರ್ಷ ಬಿಡುವ ಚಟ ಅದಕ್ಕೆ ಬಹಳ ಕಡಿಮೆ.

ಈ ವರ್ಷ ಆ ಬದಿಯನ್ನು ಹಾಗೇ ಬಿಡಿ. ಆ ಚಿಗುರು ಹುಳುವಿಲ್ಲದೆ ಬಲಿತರೆ ಮುಂದಿನ ವರ್ಷ ಹೂ ಅಲ್ಲೇ. ಬರುವ ಅಕ್ಟೋಬರ್ ಮೊದಲ ವಾರದಿಂದ ಕಾಂಡದಿಂದ 3 ಮೀಟರ್ ಒಳಗೆ ಸ್ಪ್ರಿಂಕ್ಲರ್ ಬೀಳದಂತೆ ತಲೆ ತಿರುಗಿಸಿ. ಅಷ್ಟು ಜಾಗದ ಹುಲ್ಲು ಒಣಗುತ್ತದೆ, ಒಣಗಲಿ. ಹುಲ್ಲೂ ಹಸಿರಾಗಿರಬೇಕು, ಮಾವೂ ಬಿಡಬೇಕು ಅಂದರೆ ನಡೆಯುವುದಿಲ್ಲ. ಗೊಬ್ಬರವೆಲ್ಲ ಕೊಯ್ಲು ಮುಗಿದ ಕೂಡಲೇ, ಜುಲೈ ಒಳಗೆ: ಕೊಟ್ಟಿಗೆ ಗೊಬ್ಬರ 40 ಕೆಜಿ, ಕಾಂಡದ ಬುಡಕ್ಕಲ್ಲ, ಹರವಿನ ಅಂಚಿನ ಕೆಳಗೆ ಪಾತಿ ಮಾಡಿ. ಒಳಗೆ ಒತ್ತಾಗಿ ಬೆಳೆದ ರೆಂಬೆಗಳನ್ನೂ ಆಗಲೇ ತೆಗೆಯಿರಿ. ಮಧ್ಯಕ್ಕೆ ಬಿಸಿಲು ಇಳಿಯುವ ಮರದಲ್ಲಿ ಜಿಗಿಹುಳು ಕಡಿಮೆ ಕಾಣುತ್ತದೆ, ಏಕೆಂದರೆ ಅದು ಉಳಿದ ಕಾಲವೆಲ್ಲ ಕಾಂಡದ ಬಿರುಕು, ನೆರಳು, ತೇವದಲ್ಲೇ ಕಾಲ ಹಾಕುತ್ತದೆ.

ಮುಂದಿನ ಹಂಗಾಮಿಗೆ ಸರಿಯಾದ ಸಮಯ ಗೊಂಚಲು 3–4 ಅಂಗುಲ ಇದ್ದು ಒಂದು ಹೂವೂ ಅರಳದಿದ್ದಾಗ. ಆ ಒಂದು ವಾರ ಸಿಕ್ಕಿದರೆ ಇಮಿಡಾಕ್ಲೋಪ್ರಿಡ್ 0.3 ಮಿ.ಲೀ. ಮತ್ತು ಕರಗುವ ಗಂಧಕ 80% ಪುಡಿ 2 ಗ್ರಾಂ ಲೀಟರಿಗೆ ಸೇರಿಸಿ ಒಂದೇ ಸಲ ಹೊಡೆಯಿರಿ. ಬಿಸಿಲು ಏರುವ ಮೊದಲು ಮುಗಿಸಿ. ಅರಳಿದ ಮೇಲೆ ಕೈಚೆಲ್ಲುವ ಪರಿಸ್ಥಿತಿ ಬರುವುದಿಲ್ಲ.

ಕೆಂಬಣ್ಣು

ಸರಿ, ಒಪ್ಪಿದೆ. ಹಾಗಾದರೆ ಬೆಳವಣಿಗೆ ತಡೆದು ಹೂ ಬರಿಸುವ ಪ್ಯಾಕ್ಲೋಬ್ಯುಟ್ರಜಾಲ್?

ಶ್ರೀನಿವಾಸಪುರ ತೋಪು

ತೋಪಿನಲ್ಲಿ ಹರವಿನ ಪ್ರತಿ ಮೀಟರಿಗೆ 3 ಮಿ.ಲೀ. ಲೆಕ್ಕದಲ್ಲಿ ಆಗಸ್ಟ್–ಸೆಪ್ಟೆಂಬರಿನಲ್ಲಿ ಮಣ್ಣಿಗೆ ಕೊಡುತ್ತಾರೆ. ಮನೆ ಮರಕ್ಕೆ ನನ್ನ ಸಲಹೆ: ಬೇಡವೇ ಬೇಡ. ಅದು ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ, ಪಕ್ಕದ ಕರಿಬೇವು, ದಾಸವಾಳದ ಬೆಳವಣಿಗೆಯನ್ನೂ ಕುಗ್ಗಿಸುತ್ತದೆ. ಸೊರಗಿದ ಮರಕ್ಕೆ ಕೊಟ್ಟರೆ ಗೊಂಚಲು ಮುದುಡಿಕೊಂಡೇ ಬರುತ್ತದೆ. ನೀರು ನಿಲ್ಲಿಸಿದರೆ ಆಗುವ ಕೆಲಸಕ್ಕೆ ಇಷ್ಟು ದೊಡ್ಡ ಅಸ್ತ್ರ ಯಾಕೆ?

ಕಡಲಬದಿ, ಕುಮಟಾ

ಘಟ್ಟದ ಕೆಳಗಿನವರಿಗೆ ಒಂದು ಮಾತು ಸೇರಿಸುತ್ತೇನೆ. ಇಲ್ಲಿ ಹೂವಿನ ಹೊತ್ತಿಗೆ ಇಬ್ಬನಿ, ಮೋಡ ಜಾಸ್ತಿ. ನಮಗೆ ಚಿಬ್ಬು ರೋಗವೇ ದೊಡ್ಡ ಶತ್ರು. ಅಕಾಲದಲ್ಲಿ ಒಂದು ಮಳೆ ಬಿದ್ದರೆ ಎರಡು ಮೂರು ದಿನದಲ್ಲಿ ಗೊಂಚಲು ಕರಿದಾಗುತ್ತದೆ. ಗೊಂಚಲು ಹೊರಟ ಕೂಡಲೇ ಕಾರ್ಬೆಂಡಜಿಮ್ 50% ಪುಡಿ ಲೀಟರಿಗೆ 1 ಗ್ರಾಂ, ಈಚು ಕಟ್ಟಿದ ಮೇಲೆ ಇನ್ನೊಮ್ಮೆ. ತಾಮ್ರದ ಔಷಧ, ಅಂದರೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ, ಎಲೆಗೆ ಮತ್ತು ಕತ್ತರಿಸಿದ ಗಾಯಕ್ಕೆ ಒಳ್ಳೆಯದು, ಆದರೆ ಅರಳಿದ ಹೂವಿಗೆ ಹೊಡೆಯಬಾರದು. ಮರದಲ್ಲೇ ನೇತಾಡುವ ಒಣ ರೆಂಬೆಗಳಲ್ಲಿ ಚಿಬ್ಬಿನ ಬೂಷ್ಟು ಉಳಿದಿರುತ್ತದೆ. ಆ ರೆಂಬೆಗಳನ್ನು ಮಳೆಗಾಲ ಮುಗಿದ ಕೂಡಲೇ ಕತ್ತರಿಸಿ ಸುಟ್ಟವರಿಗೆ ಔಷಧದ ಅರ್ಧ ಖರ್ಚು ಉಳಿಯುತ್ತದೆ.

ತಾರಸಿ ತೋಟ, ಬೆಂಗಳೂರು

ನನ್ನದು ಆಮ್ರಪಾಲಿ, 100 ಲೀಟರ್ ಡ್ರಮ್ಮಿನಲ್ಲಿ, ನೆಟ್ಟು 4 ವರ್ಷ. ಕುಂಡದ ಗಿಡಕ್ಕೂ ಅಕ್ಟೋಬರಿನಿಂದ ನೀರು ನಿಲ್ಲಿಸಬೇಕಾ?

ಶ್ರೀನಿವಾಸಪುರ ತೋಪು

ನಿಲ್ಲಿಸಬೇಡಿ, ಒಣಗಿ ಹೋಗುತ್ತದೆ. ಕಡಿಮೆ ಮಾಡಿ. ಮೇಲಿನ 3 ಅಂಗುಲ ಮಣ್ಣು ಪೂರ್ತಿ ಒಣಗಿ, ಮಧ್ಯಾಹ್ನ ಎಲೆ ಸ್ವಲ್ಪ ಜೋತು ಸಂಜೆ ಹೊತ್ತಿಗೆ ತಾನಾಗಿ ನೆಟ್ಟಗಾಗುವ ಹಂತದಲ್ಲಿ 2 ಲೀಟರ್ ಕೊಡಿ. ಸಂಜೆಯೂ ಜೋತೇ ಇದ್ದರೆ ತಡ ಮಾಡಿದ್ದೀರಿ ಅಂತ ಅರ್ಥ. ತುದಿ ಮೊಗ್ಗು ಉಬ್ಬಿದ ಮೇಲೆ ನಿಧಾನವಾಗಿ ಹೆಚ್ಚಿಸಿ, ಈಚು ಬಟಾಣಿಯಾದ ಮೇಲೆ ಬಿಸಿಲು ನೋಡಿಕೊಂಡು ದಿನಾ. ಡ್ರಮ್ಮಿನ ಗಿಡದಲ್ಲಿ 8–10 ಕಾಯಿ ಬಿಟ್ಟು ಉಳಿದದ್ದು ಕಿತ್ತುಬಿಡಿ. ಕಸಿ ನೆಟ್ಟ ಮೊದಲ ಮೂರು ವರ್ಷ ಬಂದ ಹೂವನ್ನೆಲ್ಲ ತೆಗೆಯುವುದು ನೆಲದ ಗಿಡಕ್ಕೂ ಅನ್ವಯ.

ಹಿತ್ತಲಮನೆ, ಮೈಸೂರು

ಕಪ್ಪಾದ ಗೊಂಚಲು ಕತ್ತರಿಸಿ ಆಯಿತು. ಸ್ಪ್ರಿಂಕ್ಲರ್ ತಲೆ ಈಗಲೇ ತಿರುಗಿಸಿದ್ದೇನೆ. ಇನ್ನೆರಡು ಪ್ರಶ್ನೆ: ಬಟಾಣಿ ಗಾತ್ರದ ಈಚು ಕೂಡ ದಿನಾ ಉದುರುತ್ತಿವೆ, ಇದಕ್ಕೆ ಏನಾದರೂ ಇದೆಯೇ? ಕೆಳಗಿನ ಎಲೆಗಳಿಗೆ ಆಗಲೇ ಹತ್ತಿರುವ ಮಸಿ ತೆಗೆಯುವುದು ಹೇಗೆ?

ಕಸಿಕತ್ತಿ

ಒಂದು ಗೊಂಚಲಿನಲ್ಲಿ ನೂರಾರು, ಕೆಲವದರಲ್ಲಿ ಸಾವಿರಕ್ಕೂ ಮೀರಿ ಹೂವು. ಅದರಲ್ಲಿ ಬಹುಪಾಲು ಗಂಡು. ನೂರಕ್ಕೆ ಒಂದೂ ಹಣ್ಣಾಗುವುದಿಲ್ಲ. ಹಾಗಾಗಿ ಉದುರುವುದೇ ಸಹಜ, ಗೊಂಚಲಿಗೆ ಒಂದೆರಡು ಕಾಯಿ ನಿಂತರೆ ನಿಮ್ಮ ಮರ ಚೆನ್ನಾಗಿ ಕೆಲಸ ಮಾಡಿದೆ. ಉದುರಿದ ಈಚನ್ನು ಉಗುರಲ್ಲಿ ಸೀಳಿ ನೋಡಿ: ಒಳಗೆ ಬೀಜದ ಗುರುತೇ ಇಲ್ಲದಿದ್ದರೆ ಪರಾಗಸ್ಪರ್ಶ ಆಗದ್ದು, ಅದನ್ನು ಯಾವ ಔಷಧವೂ ಉಳಿಸುವುದಿಲ್ಲ.

ಬೀಜ ಇದ್ದೂ ಉದುರುವುದು ಸಾಮಾನ್ಯವಾಗಿ ನೀರಿನ ಕೊರತೆಯಿಂದ. ಗೋಡೆ ಬದಿಗೆ ಈಗ ನೀರು ಶುರು ಮಾಡುವ ಕಾಲ. ಮೊದಲ ಸಲ 50 ಲೀಟರ್, ವಾರ ಬಿಟ್ಟು 100, ಆಮೇಲೆ 8–10 ದಿನಕ್ಕೊಮ್ಮೆ 150–200 ಲೀಟರ್ ಹರವಿನ ಅಂಚಿನ ಪಾತಿಗೆ. ಒಣಗಿದ ಮಣ್ಣಿಗೆ ಮೊದಲ ದಿನವೇ ತುಂಬಿಸಿದರೆ ಇದ್ದ ಈಚೂ ಒಟ್ಟಿಗೆ ಉದುರುತ್ತದೆ. ಪಾತಿಗೆ ಒಣ ಎಲೆ 3–4 ಅಂಗುಲ ಹೊದಿಸಿ, ಕಾಂಡಕ್ಕೆ ತಾಗದಂತೆ. ಇಷ್ಟಾದ ಮೇಲೂ ಗೋಲಿ ಗಾತ್ರದ ಕಾಯಿ ಉದುರಿದರೆ ಎನ್‌ಎಎ (ಕಾಯಿ ಉದುರುವುದನ್ನು ತಡೆಯುವ ಸಸ್ಯ ಹಾರ್ಮೋನು) 4.5% ದ್ರಾವಣ, 2 ಮಿ.ಲೀ.ಗೆ ನಾಲ್ಕೂವರೆ ಲೀಟರ್ ನೀರು, ಸಂಜೆ ಒಮ್ಮೆ. ಹೆಚ್ಚು ಹಾಕಿದರೆ ಕಾಯಿ ನಿಲ್ಲುವ ಬದಲು ಉದುರುತ್ತದೆ, ಆದ್ದರಿಂದ ಇದಕ್ಕೂ ಸಿರಿಂಜೇ.

ಮಸಿಗೆ: ಮೈದಾ 250 ಗ್ರಾಂ ಒಂದೂಕಾಲು ಲೀಟರ್ ನೀರಲ್ಲಿ ಗಂಜಿ ಕಾಯಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ, ಒಟ್ಟು 5 ಲೀಟರ್ ಮಾಡಿ ಎಲೆಗಳಿಗೆ ಮಾತ್ರ ಸಿಂಪಡಿಸಿ. ಹೂವಿರುವ ಕೊಂಬೆಗೆ ಬೇಡ. ಒಣಗಿದ ಗಂಜಿ ಬಿಸಿಲಿಗೆ ಸಿಪ್ಪೆಯಾಗಿ ಏಳುವಾಗ ಮಸಿಯನ್ನೂ ಹೊತ್ತುಕೊಂಡು ಬೀಳುತ್ತದೆ. ಮೋಡ ಇರುವ ದಿನ ಮಾಡಬೇಡಿ, ಗಂಜಿಯ ಮೇಲೇ ಬೂಷ್ಟು ಹತ್ತುತ್ತದೆ. ಹುಳು ಹತೋಟಿಗೆ ಬರುವ ಮೊದಲೂ ಬೇಡ, ಎರಡೇ ವಾರದಲ್ಲಿ ಎಲೆ ಮತ್ತೆ ಕಪ್ಪಾಗುತ್ತದೆ.